ಕಾರ್ಪೆಟ್ ಕಲೆಗೆ ಯಾವುದು ಮೇಲು: ಸೋಡಾ, ಸೋಪು, ಪೆರಾಕ್ಸೈಡ್, ಎಂಜೈಮ್

ಕಾರ್ಪೆಟ್ ಮೇಲೆ ಏನಾದರೂ ಚೆಲ್ಲಿದರೆ ಸಾಕು, ಎಲ್ಲರೂ ಹೇಳೋದು ಒಂದೇ ಮದ್ದು. ಅಡುಗೆ ಸೋಡಾ ಉದುರಿಸಿ, ಮೇಲೆ ವಿನೆಗರ್ ಸುರಿಯಿರಿ. ಬುಸ್ಸೆಂದು ನೊರೆ ಬರುತ್ತದೆ, ಏನೋ ದೊಡ್ಡ ಕೆಲಸ ನಡೀತಿದೆ ಅನ್ನಿಸುತ್ತದೆ. ಅದು ನಿಜವೇ ಅಂತ ನೋಡಬೇಕಿತ್ತು. ಮನೆಯಲ್ಲಿ ಉಳಿದಿದ್ದ ನೈಲಾನ್ ಕಾರ್ಪೆಟ್ ತುಂಡಿನ ಮೇಲೆ ಕಾಫಿ, ಎಣ್ಣೆ, ಬಾಲ್ ಪೆನ್ ಇಂಕು, ಮೊಟ್ಟೆ ಎಲ್ಲಾ ಹಾಕಿ ಒಣಗಲು ಬಿಟ್ಟೆ. ಬೆಕ್ಕಿನ ಮೂತ್ರದ ಕಲೆ ಮಾತ್ರ ಹಾಸಿದ್ದ ಕಾರ್ಪೆಟ್ ಮೇಲಿನದೇ. ಅದನ್ನು ಬೇಕಂತ ಮಾಡಿಸೋಕೆ ಆಗಲ್ಲ ಅಲ್ವಾ.

ಮೊದಲು ಆ ನೊರೆಯ ವಿಷಯ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತದೆ. ಉಳಿಯೋದು ಇಂಗಾಲದ ಡೈಆಕ್ಸೈಡ್, ನೀರು, ಒಂದಿಷ್ಟು ಸೋಡಿಯಂ ಅಸಿಟೇಟ್. ನನ್ನ ಕಾಫಿ ಕಲೆ ಸ್ವಲ್ಪ ತೆಳುವಾಯಿತು ಅಷ್ಟೇ, ಅದೂ ಬಟ್ಟೆಯಿಂದ ಒತ್ತಿ ತೆಗೆದಿದ್ದಕ್ಕೆ ಇರಬೇಕು. ಸೋಡಾ ಒಂದನ್ನೇ ಬಳಸಿದಾಗ ಅದರ ನಿಜವಾದ ಉಪಯೋಗ ಗೊತ್ತಾಯಿತು. ಹಸಿ ಎಣ್ಣೆಯ ಮೇಲೆ ದಪ್ಪಗೆ ಉದುರಿಸಿ, ಸ್ವಲ್ಪ ಹೊತ್ತು ಬಿಟ್ಟು ವ್ಯಾಕ್ಯೂಮ್ ಮಾಡಿದರೆ ಎಣ್ಣೆಯ ಒಂದು ಪಾಲನ್ನು ಹೀರಿಕೊಂಡು ಬರುತ್ತದೆ. ವಾಸನೆಯನ್ನೂ ತಗ್ಗಿಸುತ್ತದೆ. ಬಣ್ಣದ ಕಲೆಗೆ ಮಾತ್ರ ಅದನ್ನು ನಂಬಬೇಡಿ.

ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ನಾನು ಹೆಚ್ಚೇನೂ ನಿರೀಕ್ಷಿಸಿರಲಿಲ್ಲ. ಎರಡು ಕಪ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಲಿಕ್ವಿಡ್, ಒಂದು ದೊಡ್ಡ ಚಮಚ ಬಿಳಿ ವಿನೆಗರ್. ಎಣ್ಣೆ ಕಲೆ ಬಹುತೇಕ ಹೋಯಿತು, ಕಾಫಿಯೂ ಹೆಚ್ಚುಕಡಿಮೆ ಬಿಟ್ಟುಕೊಟ್ಟಿತು. ಕಾಫಿ, ಟೀ ಕಲೆಗಳಿಗೆ ಆಮ್ಲ ಒಗ್ಗುತ್ತದೆ, ಕ್ಷಾರ ತಾಗಿದರೆ ಕೆಲವೊಮ್ಮೆ ಇನ್ನೂ ಗಾಢವಾಗುತ್ತವೆ. ಆದರೆ ಇದಕ್ಕೆ ಒಂದು ತೊಂದರೆ ಇದೆ. ಸೋಪು ನಾರಿನಲ್ಲಿ ಉಳಿದುಕೊಂಡರೆ ಅಂಟಂಟಾಗಿ ಧೂಳನ್ನು ಎಳೆದುಕೊಳ್ಳುತ್ತದೆ. ವಾರ ಕಳೆದ ಮೇಲೆ ಅದೇ ಜಾಗ ಕೊಳಕಾಗಿ ಕಾಣುತ್ತದೆ, ಕಲೆ ವಾಪಸ್ ಬಂತು ಅಂದ್ಕೋತೀವಿ. ಅದಕ್ಕೇ ಬರೀ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮತ್ತೆ ಮತ್ತೆ ಒತ್ತಿ ಸೋಪನ್ನು ತೆಗೆಯಲೇಬೇಕು. ಬೇಜಾರಿನ ಕೆಲಸ, ಬಿಡುವ ಹಾಗಿಲ್ಲ.

ಸೋಪು ಬಿಟ್ಟಿದ್ದ ಕಾಫಿಯ ಮಸುಕು ಉಂಗುರವನ್ನು ತೆಗೆದದ್ದು 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಇದು ಕಲೆಯನ್ನು ಎತ್ತುವುದಿಲ್ಲ, ಅದರ ಬಣ್ಣವನ್ನೇ ಕೊಲ್ಲುತ್ತದೆ. ಕೊನೆಗೆ ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಅಂಟು ಉಳಿಯುವ ಚಿಂತೆ ಇಲ್ಲ. ಫಲಿತಾಂಶ ಮಾತ್ರ ನೋಡಿದರೆ ಇದಕ್ಕೇ ಮೊದಲ ಸ್ಥಾನ ಕೊಡಬಹುದಿತ್ತು. ಕೊಡುತ್ತಿಲ್ಲ, ಯಾಕೆಂದರೆ ಕಲೆಯ ಬಣ್ಣ ಯಾವುದು, ಕಾರ್ಪೆಟ್ ಬಣ್ಣ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಕಡು ಬಣ್ಣದ ಕಾರ್ಪೆಟ್ ಆದರೆ ಕಲೆ ಇದ್ದ ಕಡೆ ಬಿಳಿಚಿದ ಮಚ್ಚೆ ಉಳಿದೀತು. ಸೋಫಾ ಕೆಳಗಿನ ಮೂಲೆಯಲ್ಲಿ ಮೊದಲು ಒಂದೆರಡು ಹನಿ ಹಾಕಿ, ಒಣಗಿದ ಮೇಲೆ ನೋಡಿ.

ಎಂಜೈಮ್ ಕ್ಲೀನರ್‌ದು ನಿಧಾನದ ಕೆಲಸ, ಅದರಲ್ಲಿರುವ ಎಂಜೈಮ್‌ಗಳು ಪ್ರೋಟೀನ್‌ನಂಥ ಜೈವಿಕ ಕಲೆಯನ್ನು ಚೂರುಚೂರಾಗಿ ಒಡೆಯುತ್ತವೆ. ಕಾಫಿಗೆ, ಇಂಕಿಗೆ ಏನೂ ಮಾಡಲಿಲ್ಲ. ಮೊಟ್ಟೆ ಮತ್ತು ಬೆಕ್ಕಿನ ಮೂತ್ರದ ಕಲೆಗಳ ವಿಷಯದಲ್ಲಿ ಮಾತ್ರ ಬೇರೆ ಯಾವುದೂ ಇದರ ಹತ್ತಿರಕ್ಕೂ ಬರಲಿಲ್ಲ. ವಿನೆಗರ್ ಹಾಕಿದರೆ ಮೂತ್ರದ ವಾಸನೆ ಹೋದ ಹಾಗೆ ಆಗಿ, ಹವೆ ತೇವವಾದ ದಿನ ಮತ್ತೆ ಬರುತ್ತಿತ್ತು. ಮೂತ್ರದಲ್ಲಿರುವ ಯೂರಿಕ್ ಆಮ್ಲದ ಹರಳುಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಅದಕ್ಕೇ ಈ ಕಾಟ. ಕ್ಲೀನರನ್ನು ಮೂತ್ರ ಇಳಿದಷ್ಟೇ ಆಳಕ್ಕೆ ಇಳಿಯುವಂತೆ ಹಾಕಿ, ಗಂಟೆಗಟ್ಟಲೆ ಒಣಗದ ಹಾಗೆ ಒದ್ದೆ ಬಟ್ಟೆ ಮುಚ್ಚಿಟ್ಟೆ. ಸುಮ್ನೆ ಸಿಂಪಡಿಸಿ ಒರೆಸಿದರೆ ದುಡ್ಡು ದಂಡ.

ಇಂಕಿಗೆ ಇವ್ಯಾವುವೂ ಅಲ್ಲ, ಸೋಂಕು ತೆಗೆಯಲು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಬಿಳಿ ಬಟ್ಟೆಗೆ ಹಾಕಿಕೊಂಡು ಒತ್ತಿ, ನೇರವಾಗಿ ಸುರಿಯಬೇಡಿ. ಕೆಳಗಿನ ಅಂಟಿನ ಪದರಕ್ಕೆ ಇಳಿದರೆ ಅದು ಸಡಿಲವಾಗಬಹುದು. ಕಿಟಕಿ ತೆಗೆದಿಡಿ, ಹತ್ತಿರದಲ್ಲಿ ಬೆಂಕಿ ಇರಬಾರದು.

ಬಾಡಿಗೆಗೆ ತಂದ ಸ್ಟೀಮ್ ಮಷಿನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಇಡೀ ಕಾರ್ಪೆಟ್ ಮಂಕಾಗಿದ್ದರೆ ಒಳ್ಳೆಯದೇ. ಮೊಟ್ಟೆ, ಹಾಲು, ರಕ್ತದಂಥ ಕಲೆಗೆ ಬಿಸಿ ತಾಗಿದರೆ ಪ್ರೋಟೀನ್ ನಾರಿಗೇ ಗಟ್ಟಿಯಾಗಿ ಕೂರುತ್ತದೆ. ಅವಕ್ಕೆ ತಣ್ಣೀರೇ ಸರಿ.

ಯಾವುದನ್ನು ಬಳಸಿದರೂ ಒಣಗಿಸುವಾಗ ಒಂದು ಕೆಲಸ ಮಾಡಿ. ಅಡಿಯಲ್ಲಿ ಉಳಿದ ಕಲೆ ನೀರಿನ ಜೊತೆ ನಾರಿನ ತುದಿಗೆ ಏರಿ ಬರುತ್ತದೆ. ಮಡಚಿದ ಬಿಳಿ ಬಟ್ಟೆ ಹಾಸಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಟ್ಟರೆ ಆ ಕಲೆ ಬಟ್ಟೆಗೆ ಹೋಗುತ್ತದೆ.

ಇಷ್ಟೂ ನೈಲಾನ್ ಮಾತು. ನಿಮ್ಮದು ಉಣ್ಣೆಯದಾದರೆ ಪೆರಾಕ್ಸೈಡ್ ಬೇಡ. ಪ್ರೋಟೀನ್ ಒಡೆಯುವ ಎಂಜೈಮೂ ಬೇಡ, ಉಣ್ಣೆಯೇ ಪ್ರೋಟೀನ್. ತಣ್ಣೀರು, ಕ್ಷಾರವಿಲ್ಲದ ಮೆದು ಸೋಪು, ಅದಕ್ಕೂ ಬಗ್ಗದಿದ್ದರೆ ಉಣ್ಣೆ ಶುಚಿ ಮಾಡಲು ಗೊತ್ತಿರುವವರಿಗೆ ಕೊಡಿ.