ಹ್ಯಾಮಿಲ್ಟನ್ ಸಿ1 ವೆಂಟಿಲೇಟರ್: ಸಣ್ಣ ಐಸಿಯುಗೆ ಒಗ್ಗುತ್ತದೆ, ಫ್ಲೋ ಸೆನ್ಸರ್ ಮೇಲೆ ಕಣ್ಣಿರಲಿ

ಕಂಪ್ರೆಸ್ಡ್ ಏರ್ ಪೈಪ್‌ಲೈನ್ ಇಲ್ಲದ ಐಸಿಯುಗೆ ಟರ್ಬೈನ್ ವೆಂಟಿಲೇಟರೇ ಸರಿ. ಸ್ವಿಟ್ಜರ್ಲೆಂಡಿನ ಹ್ಯಾಮಿಲ್ಟನ್ ಮೆಡಿಕಲ್ ತಯಾರಿಸುವ ಸಿ1 ಆ ಜಾತಿಯದು. ಕೋಣೆಯ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಹೊರಗಿನಿಂದ ಬೇಕಾದ್ದು ಆಕ್ಸಿಜನ್ ಮತ್ತು ಕರೆಂಟು ಮಾತ್ರ. ತೂಕ ಐದು ಕಿಲೋ ಆಸುಪಾಸು. ಸಿಟಿ ಸ್ಕ್ಯಾನಿಗೆ ಹೋಗುವಾಗಲೂ ಇದೇ ಯಂತ್ರ ರೋಗಿಯ ಜೊತೆ ಹೋಗಬಹುದು. ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಮಾತ್ರ ಟ್ರಾಲಿಯ ಮೇಲೆ ಇರಲೇಬೇಕು.

ಇದರ ಹೆಸರುವಾಸಿ ಮೋಡ್ ಎಎಸ್‌ವಿ (ಅಡಾಪ್ಟಿವ್ ಸಪೋರ್ಟ್ ವೆಂಟಿಲೇಷನ್). ಎತ್ತರ, ಲಿಂಗ ಕೊಟ್ಟರೆ ಆದರ್ಶ ತೂಕವನ್ನು ಲೆಕ್ಕ ಹಾಕಿ, ವಯಸ್ಕರಿಗೆ ಕಿಲೋಗೆ ನಿಮಿಷಕ್ಕೆ 100 ಮಿ.ಲೀ. ಗಾಳಿ ಎಂಬುದನ್ನು 100% ಎಂದು ಹಿಡಿಯುತ್ತದೆ. 170 ಸೆಂ.ಮೀ. ಎತ್ತರದ ಗಂಡಸಿಗೆ 66 ಕಿಲೋ, ಅಂದರೆ ನಿಮಿಷಕ್ಕೆ 6.6 ಲೀಟರ್. ಅದನ್ನು ಎಷ್ಟು ಉಸಿರಿಗೆ ಹಂಚಬೇಕೆಂದು ಶ್ವಾಸಕೋಶ ಖಾಲಿಯಾಗುವ ವೇಗ ನೋಡಿ ಯಂತ್ರವೇ ತೀರ್ಮಾನಿಸುತ್ತದೆ. ಉಸಿರು ನಿಧಾನವಾಗಿ ಹೊರಬೀಳುವ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ರೋಗಿಗೆ ತಾನಾಗಿ ರೇಟ್, ಅಂದರೆ ನಿಮಿಷದ ಉಸಿರಿನ ಸಂಖ್ಯೆ, ಇಳಿಸುವುದು ನಿಜಕ್ಕೂ ಮೆಚ್ಚಬೇಕಾದ ಗುಣ.

ಆದರೆ ಎತ್ತರವನ್ನು ಕಣ್ಣಂದಾಜಿನಲ್ಲಿ ಹಾಕಿದರೆ ಎಲ್ಲ ಕೆಟ್ಟಿತು. 160 ಸೆಂ.ಮೀ. ಹೆಂಗಸಿನ ಆದರ್ಶ ತೂಕ 52 ಕಿಲೋ. 175 ಎಂದು ಒತ್ತಿದರೆ 66. ಕಾಲು ಭಾಗಕ್ಕಿಂತ ಹೆಚ್ಚು ಗಾಳಿ! ಮಲಗಿದ ರೋಗಿಯನ್ನು ನೆತ್ತಿಯಿಂದ ಹಿಮ್ಮಡಿವರೆಗೆ ಟೇಪ್ ಹಿಡಿದು ಅಳೆಯಿರಿ. ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಹೆಚ್ಚುವ ಸ್ಥಿತಿ) ರೋಗಿಗೆ 100%ನಲ್ಲೇ ಬಿಟ್ಟರೆ ರಕ್ತದ ಪಿಎಚ್ ಕುಸಿಯುತ್ತದೆ. ಟ್ಯೂಬ್ ಹಾಕುವ ಮುಂಚೆ ಆತ ನಿಮಿಷಕ್ಕೆ ಎಷ್ಟು ಗಾಳಿ ಎಳೆಯುತ್ತಿದ್ದನೋ ಅಷ್ಟಕ್ಕೆ ಏರಿಸಿ, ಅರ್ಧ ಗಂಟೆಯಲ್ಲಿ ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ನೋಡಿ. ಎಆರ್‌ಡಿಎಸ್‌ನಲ್ಲಿ (ಶ್ವಾಸಕೋಶಕ್ಕೆ ಆಗುವ ತೀವ್ರ ಹಾನಿ) ಯಂತ್ರದ ಆಯ್ಕೆಯನ್ನು ಕಣ್ಣುಮುಚ್ಚಿ ನಂಬುವುದು ಬೇಡ. 2000ದ ಎಆರ್‌ಡಿಎಸ್‌ನೆಟ್ ಅಧ್ಯಯನದಲ್ಲಿ ಪ್ರತಿ ಉಸಿರಿಗೆ ಕಿಲೋಗೆ 12 ಮಿ.ಲೀ. ಬದಲು 6 ಕೊಟ್ಟಾಗ ಸಾವು 39.8%ರಿಂದ 31%ಗೆ ಇಳಿದಿತ್ತು. ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಗಾಳಿಯ ಪ್ರಮಾಣ) ಆ 6 ಮಿ.ಲೀ.ಯನ್ನು ಮೀರುತ್ತಿದ್ದರೆ ವಾಲ್ಯೂಮನ್ನು ನಾವೇ ನಿಗದಿ ಮಾಡುವ ಮೋಡಿಗೆ ಬದಲಿಸಿ. ಇನ್ನೊಂದು ಮಾತು: ಎಎಸ್‌ವಿಯ ಒತ್ತಡದ ಮಿತಿ 30 (ಸೆಂ.ಮೀ. ನೀರಿನ ಲೆಕ್ಕದಲ್ಲಿ) ಬೇಕಿದ್ದರೆ ಹೈ ಪ್ರೆಶರ್ ಅಲಾರಂ 40 ಇರಬೇಕು, ನಡುವೆ 10ರ ಅಂತರ ಕಡ್ಡಾಯ.

ಈ ಯಂತ್ರದ ಜೀವ ಇರುವುದು ವೈ-ಪೀಸ್ (ಉಸಿರಿನ ಎರಡು ಕೊಳವೆಗಳು ಕೂಡುವ ಜಾಗ) ಬಳಿಯ, ಗಾಳಿಯ ಹರಿವು ಅಳೆಯುವ ಫ್ಲೋ ಸೆನ್ಸರಿನಲ್ಲಿ. ರೋಗಿಯ ಬಾಯಿಯ ಹತ್ತಿರವೇ ಅಳೆಯುವುದರಿಂದ ಲೆಕ್ಕ ನಿಖರ, ಅದೇ ಕಾರಣಕ್ಕೆ ಕಫ ಮತ್ತು ನೀರಿಗೆ ಮೊದಲ ಬಲಿಯೂ ಅದೇ. ಫ್ಲೋ ಗ್ರಾಫ್ ಗರಗಸದ ಹಲ್ಲಿನಂತೆ ಕಂಡರೆ, ರೋಗಿ ಎಳೆಯದೆಯೂ ರೇಟ್ ಏರಿದರೆ, ಸೆಡೇಷನ್ (ಮಂಪರಿನ ಔಷಧಿ) ಹೆಚ್ಚಿಸುವ ಮುನ್ನ ನೀರು ನಿಂತಿದೆಯೇ ನೋಡಿ. ಸೆನ್ಸರಿನ ಎರಡು ಸಣ್ಣ ಕೊಳವೆಗಳು ಸದಾ ಮೇಲ್ಮುಖವಾಗಿರಲಿ. ಹೊಸ ಸರ್ಕ್ಯೂಟ್ (ಉಸಿರಿನ ಕೊಳವೆಗಳ ಜೋಡಣೆ) ಹಾಕಿದಾಗಲೆಲ್ಲ ಗಾಳಿ ಸೋರುತ್ತಿದೆಯೇ ಎಂದು ನೋಡುವ ಟೈಟ್‌ನೆಸ್ ಟೆಸ್ಟ್, ಸೆನ್ಸರ್ ಕ್ಯಾಲಿಬ್ರೇಷನ್ ಎರಡೂ ಆಗಲೇಬೇಕು. ರಾತ್ರಿ ಪಾಳಿಯಲ್ಲಿ ಬಿಟ್ಟುಹೋಗುವುದು ಇದೇ.

ಎಚ್‌ಎಂಇ ಫಿಲ್ಟರ್ (ರೋಗಿಯ ಉಸಿರಿನ ಬಿಸಿ, ತೇವವನ್ನೇ ಹಿಡಿದು ಮರಳಿಸುವಂಥದ್ದು) ಮತ್ತು ಬಿಸಿ ಹ್ಯುಮಿಡಿಫೈಯರ್ ಒಟ್ಟಿಗೆ ಬೇಡ, ಫಿಲ್ಟರ್ ನೆನೆದು ಕಟ್ಟಿಕೊಳ್ಳುತ್ತದೆ. 310 ಮಿ.ಲೀ. ಉಸಿರು ಕೊಡುವ ರೋಗಿಗೆ 50 ಮಿ.ಲೀ. ಡೆಡ್ ಸ್ಪೇಸಿನ (ಶ್ವಾಸಕೋಶಕ್ಕೆ ತಲುಪದೆ ವ್ಯರ್ಥವಾಗುವ ಗಾಳಿಯ ಜಾಗ) ಫಿಲ್ಟರ್ ದುಬಾರಿಯೇ. ಅಲ್ಲಿ ಹ್ಯುಮಿಡಿಫೈಯರ್ ವಾಸಿ.

ಸಿಲಿಂಡರ್ ನಂಬಿದ ಆಸ್ಪತ್ರೆಗಳಿಗೆ ಒಂದು ಲೆಕ್ಕ: 7,000 ಲೀಟರಿನ ಜಂಬೋ ಸಿಲಿಂಡರ್, 100% ಆಕ್ಸಿಜನ್, ನಿಮಿಷಕ್ಕೆ 10 ಲೀಟರ್ ಉಸಿರು ಎಂದರೆ ಕಾಗದದ ಮೇಲೆ 11 ಗಂಟೆ ಚಿಲ್ಲರೆ. ಸರ್ಕ್ಯೂಟಿನಲ್ಲಿ ಸದಾ ಹರಿಯುವ ಬೇಸ್ ಫ್ಲೋ ಸೇರಿಸಿದರೆ ಅಷ್ಟು ಬಾರದು.

ಕೊಟೇಷನ್ ತರಿಸುವಾಗ ಯಂತ್ರದ ಬೆಲೆಯಷ್ಟನ್ನೇ ನೋಡಬೇಡಿ. ಫ್ಲೋ ಸೆನ್ಸರ್, ಆಕ್ಸಿಜನ್ ಸೆಲ್, ಗಾಳಿಯ ಫಿಲ್ಟರ್, ಬ್ಯಾಟರಿ ಇವುಗಳ ಮೂರು ವರ್ಷದ ದರ ಬರೆಸಿಕೊಳ್ಳಿ, ಪ್ರತಿ ಮಂಚಕ್ಕೆ ಎರಡು ಸೆನ್ಸರ್ ಹೆಚ್ಚುವರಿ ಇಡಿ.