ಮೊದಲು ಯಾರನ್ನು ಕೇಳಬೇಕು: ಐಲರ್ ಅಥವಾ ಕೋಲ್ಟ್ರೇನ್?

ಫ್ರೀ ಜಾಝ್, ಅಂದರೆ ತಾಳ-ಸ್ವರಗಳ ಕಟ್ಟುಪಾಡು ಬಿಟ್ಟು ನುಡಿಸುವ ಜಾಝ್. ಅದರಲ್ಲಿ ಸ್ಯಾಕ್ಸೋಫೋನ್ ಕೇಳಬೇಕು ಅನ್ನುವವರ ಮುಂದೆ ಎರಡು ಆಲ್ಬಮ್ ಇಡುತ್ತೇನೆ. ಆಲ್ಬರ್ಟ್ ಐಲರ್ ಅವರ ‘ಸ್ಪಿರಿಚುಯಲ್ ಯೂನಿಟಿ’ 1964ರಲ್ಲಿ ನ್ಯೂಯಾರ್ಕಿನಲ್ಲಿ ರೆಕಾರ್ಡ್ ಆದದ್ದು. ಜಾನ್ ಕೋಲ್ಟ್ರೇನ್ ಅವರ ‘ಇಂಟರ್‌ಸ್ಟೆಲ್ಲರ್ ಸ್ಪೇಸ್’ 1967ರ ಫೆಬ್ರವರಿಯದು. ಅದೇ ವರ್ಷ ಜುಲೈನಲ್ಲಿ ಅವರು ತೀರಿಕೊಂಡರು. ಆಲ್ಬಮ್ ಹೊರಬಂದದ್ದು 1974ರಲ್ಲಿ.

ಹೊಸಬರಿಗೆ ನಾನು ಹೇಳುವುದು ಐಲರ್. ಇಡೀ ಆಲ್ಬಮ್ ಸುಮಾರು ಅರ್ಧ ಗಂಟೆ, ಅಷ್ಟೇ. ಅದರ ಮೊದಲ ಹಾಡು ‘ಘೋಸ್ಟ್ಸ್’ ಶುರುವಾಗುವುದು ಮಕ್ಕಳೂ ಗುನುಗಬಹುದಾದ ಸರಳ ಧಾಟಿಯಲ್ಲಿ. ಆಮೇಲೆ ಅದು ಸೀಳುತ್ತದೆ, ಅಳುತ್ತದೆ, ಕಿರುಚುತ್ತದೆ. ಕೊನೆಗೆ ಮತ್ತೆ ಅದೇ ಧಾಟಿ ಬರುತ್ತದೆ, ಹಾಗಾಗಿ ಕೇಳುವವರಿಗೆ ದಾರಿ ತಪ್ಪುವುದಿಲ್ಲ. ಆಲ್ಬಮ್ ಮುಗಿಯುವಾಗ ಇದೇ ಹಾಡು ಬೇರೆ ರೂಪದಲ್ಲಿ ಇನ್ನೊಮ್ಮೆ ಇದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಸನ್ನಿ ಮರ್ರೆ ಡ್ರಮ್ಸ್‌ನಲ್ಲಿ ತಾಳ ಎಣಿಸುವುದೇ ಇಲ್ಲ. ಸಿಂಬಲ್ (ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ) ಸುಮ್ನೆ ನಡುಗುತ್ತಾ ಇರುತ್ತದೆ, ಎಷ್ಟು ಚೆಂದ ಅಲ್ವಾ ಅನಿಸುತ್ತದೆ.

ಕೋಲ್ಟ್ರೇನ್ ಆಲ್ಬಮ್ ಜಾಸ್ತಿ ಕಷ್ಟ. ಸ್ಯಾಕ್ಸೋಫೋನ್, ರಶೀದ್ ಅಲಿಯ ಡ್ರಮ್ಸ್, ಒಂದಿಷ್ಟು ಕಿರುಗಂಟೆ. ಬಾಸ್ ಇಲ್ಲ, ಪಿಯಾನೋ ಇಲ್ಲ. ‘ಮಾರ್ಸ್’ನಿಂದ ಶುರು ಮಾಡಬೇಡಿ, ಉಸಿರು ಕಟ್ಟುತ್ತದೆ. ‘ವೀನಸ್’ ಹಾಕಿ, ಅಲ್ಲಿ ಡ್ರಮ್ಸ್ ಮೇಲೆ ಕೋಲಿನ ಬದಲು ಬ್ರಶ್ ಆಡುತ್ತದೆ, ಸ್ಯಾಕ್ಸೋಫೋನ್ ಮೆಲ್ಲಗೆ ಹಾಡುತ್ತದೆ. ಲಯವಾದ್ಯ ಪ್ರೀತಿಸುವವರು ಮಾತ್ರ ನೇರವಾಗಿ ಇದನ್ನೇ ತೆಗೆದುಕೊಳ್ಳಿ.