ಫೈಫಾಕ್ಸ್ ಆ್ಯಪ್: ಉತ್ತರ ಕೊಡಲ್ಲ, ನನಗೆ ಹಿಡಿಸಿದ್ದೇ ಅದು

ಮಗಳು ಒಂಬತ್ತನೇ ಕ್ಲಾಸ್. ‘ವಿ ಈಕ್ವಲ್ ಟು ಯು ಪ್ಲಸ್ ಎಟಿ’ (ಕೊನೆಯ ವೇಗ ಅಂದ್ರೆ ಮೊದಲಿನ ವೇಗಕ್ಕೆ ವೇಗೋತ್ಕರ್ಷ ಗುಣಿಸು ಸಮಯ ಕೂಡಿಸಿದ್ದು) ಅಂತ ಮಗ್ಗಿ ಥರ ಒಪ್ಪಿಸುತ್ತಾಳೆ, ಲೆಕ್ಕ ಕೊಟ್ಟರೆ ತಡವರಿಸುತ್ತಾಳೆ. ಮೊದಲು ಒಂದು ಕ್ಯಾಲ್ಕುಲೇಟರ್ ಆ್ಯಪ್ ಹಾಕಿಕೊಟ್ಟೆ, ಅದರ ಹೆಸರು ಬೇಡ. ಗಂಟೆಗೆ 36 ಕಿ.ಮೀ. ವೇಗದ ಕಾರು, ವೇಗೋತ್ಕರ್ಷ 2, ಅಂದ್ರೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 2 ಮೀಟರಿನಷ್ಟು ಏರುತ್ತೆ, ಸಮಯ 5 ಸೆಕೆಂಡ್. ಇವಳು ಹಾಗೇ 36 ಅಂತ ತುಂಬಿದಳು, ಅದು 46 ಅಂದುಬಿಟ್ಟಿತು! ಕಿ.ಮೀ.ನಾ, ಮೀಟರಾ ಅಂತ ಕೇಳಲೇ ಇಲ್ಲ. ಸೆಕೆಂಡಿಗೆ 10 ಮೀಟರ್ ಅಂತ ಬದಲಿಸಿಕೊಂಡು ಹಾಕಿದ್ದರೆ 20 ಬರುತ್ತಿತ್ತು, ಅಂದ್ರೆ ಗಂಟೆಗೆ 72 ಕಿ.ಮೀ. ಅವತ್ತೇ ತೆಗೆದುಹಾಕಿದೆ.

ಆಮೇಲೆ ಸಿಕ್ಕಿದ್ದು ಫೈಫಾಕ್ಸ್ (phyphox), ಫೋನಿನಲ್ಲೇ ಭೌತಶಾಸ್ತ್ರದ ಪ್ರಯೋಗ ಮಾಡಿಸುವ ಆ್ಯಪ್. ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಬಿಟ್ಟದ್ದು, ಪೂರ್ತಿ ಉಚಿತ. ಇದರಲ್ಲಿ ಶಬ್ದಕ್ಕೆ ಓಡುವ, ಶಬ್ದಕ್ಕೇ ನಿಲ್ಲುವ ಒಂದು ಸ್ಟಾಪ್‌ವಾಚ್ ಇದೆ. ಕಪಾಟಿನ ಅಂಚಲ್ಲಿ ಸ್ಟೀಲ್ ಸ್ಕೇಲು ಚಾಚಿ, ತುದಿಗೆ ದಪ್ಪ ನಟ್ಟು ಇಟ್ಟೆವು. ಸರಿಯಾಗಿ 1.5 ಮೀಟರ್ ಕೆಳಗೆ ತಟ್ಟೆ, ನಡುವೆ ಸ್ಟೂಲ್ ಮೇಲೆ ಫೋನು. ಚಮಚದಲ್ಲಿ ಸ್ಕೇಲಿಗೆ ಪಕ್ಕದಿಂದ ಹೊಡೆದ ಟಣ್ ಶಬ್ದಕ್ಕೆ ಗಡಿಯಾರ ಶುರು, ನಟ್ಟು ತಟ್ಟೆಗೆ ಬಿದ್ದ ಸದ್ದಿಗೆ ಬಂದ್. ಮೂರು ಸಲದ ಸರಾಸರಿ 0.555 ಸೆಕೆಂಡ್.

ಇಷ್ಟೇ ಅದು ಹೇಳೋದು, ತಟ್ಟೆಗೆ ತಾಗುವಾಗ ನಟ್ಟಿನ ವೇಗ ಎಷ್ಟು ಅನ್ನೋದು ನಮ್ಮ ಪಾಡು. ಮಗಳು 1.5 ಅನ್ನು 0.555ರಿಂದ ಭಾಗಿಸಿ ‘2.7, ಮುಗೀತು’ ಅಂದಳು. ‘ಅದು ಇಡೀ ದಾರಿಯ ಸರಾಸರಿ ವೇಗ ಕಣೇ, ಕೈಬಿಟ್ಟಾಗ ಸೊನ್ನೆ, ಏರಿದ್ದು ಒಂದೇ ಸಮ, ಹಾಗಾದ್ರೆ ಕೊನೆಗೆ ಎಷ್ಟಿರಬೇಕು?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಡಬಲ್ ಅಲ್ವಾ?’ ಅಂದಳು. ಸೆಕೆಂಡಿಗೆ 5.4 ಮೀಟರ್. ಆಮೇಲೆ ಅದೇ ಸೂತ್ರ ಹಿಡಿದು, ಭೂಮಿಯ ಸೆಳೆತದ ವೇಗೋತ್ಕರ್ಷ 9.8 ಅಂತ ತಾನೇ 9.8 ಗುಣಿಸು 0.555 ಮಾಡಿದಳು, 5.44 ಬಂತು. ಗಂಟೆಗೆ ಸುಮಾರು 19.5 ಕಿ.ಮೀ., ಬರೀ ಎದೆಯೆತ್ತರದಿಂದ ಬಿದ್ದ ನಟ್ಟಿಗೆ! ಸೂತ್ರ ಒಪ್ಪಿಸುವಾಗ ಒಂದು ಸಲವೂ ಈ ಮುಖ ನೋಡಿರಲಿಲ್ಲ ನಾನು.

ಎಷ್ಟು ಜೋರಿನ ಸದ್ದಿಗೆ ಓಡಬೇಕು ಅನ್ನೋದನ್ನ ನಾವೇ ಸೆಟ್ ಮಾಡಬೇಕು. ನಾವು ತೀರಾ ಕಮ್ಮಿ ಇಟ್ಟುಬಿಟ್ಟಿದ್ದೆವು, ಕುಕ್ಕರ್ ಕೂಗಿದರೂ ಓಡುತ್ತಿತ್ತು. ಫ್ಯಾನ್ ಆರಿಸಿ, ಅಡುಗೆ ಮುಗಿದ ಮೇಲೆ ಮಾಡಿ. ತಟ್ಟೆ ಮಾತ್ರ ಹಳೆಯದಿರಲಿ, ನಮ್ಮನೆಯವರ ಊಟದ ತಟ್ಟೆಯಲ್ಲೀಗ ಮೂರು ಕಡೆ ತಗ್ಗು ಬಿದ್ದಿದೆ.